ಒಂದೇ ಹಾಡಿನಲ್ಲಿ ಇಳಿಯುವ ನಶೆ

ನಮ್ಮ ಸಿನಿಮಾದವರಿಗೆ ವೈದ್ಯಕೀಯದಲ್ಲಿ ಗೌರವ ಡಾಕ್ಟರೇಟ್ ಕೊಡಲೇಬೇಕು. ನಾಲ್ಕು ನಿಮಿಷದ ಹಾಡಿನಲ್ಲಿ ಚಟ ಬಿಡಿಸುವ ವಿದ್ಯೆ ನಿಮ್ಹಾನ್ಸ್‌ನವರಿಗೂ ಇನ್ನೂ ಸಿದ್ಧಿಸಿಲ್ಲ. ಪಲ್ಲವಿಯಲ್ಲಿ ಗಡ್ಡ, ಮೊದಲ ಚರಣಕ್ಕೆ ರೂಮಿಗೆ ಬೀಗ, ಎರಡನೆಯದಕ್ಕೆ ಕಿರುಚಾಟ, ಹಾಡು ಮುಗಿಯುವಾಗ ಬಿಳಿ ಶರ್ಟು, ದೇವಸ್ಥಾನದ ಮೆಟ್ಟಿಲು. ತಾಯಿಯ ಕಣ್ಣೀರು ಎರಡು ಹನಿ ಬಿದ್ದರೆ ಲಿವರ್ ಕೂಡ ರಿಪೇರಿ.

ಇವರ ಲೆಕ್ಕದಲ್ಲಿ ಡ್ರಗ್ಸ್ ಅಂದರೆ ಗಾಜಿನ ಟೇಬಲ್ಲು, ಬಿಳಿ ಪುಡಿ, ಸುರುಳಿ ಸುತ್ತಿದ ನೋಟು. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಕೊಕೇನ್ ಬಳಸುವವರು ಶೇ 0.10, ಮದ್ಯ ಕುಡಿಯುವವರು ಶೇ 14.6. ಆದರೂ ಪುಡಿ ಎಳೆಯುವವನು ಖಳ, ಕ್ವಾರ್ಟರ್ ಎತ್ತುವವನು ಭಗ್ನಪ್ರೇಮಿ. ಪುಡಿಗೆ ಪೊಲೀಸ್ ರೇಡು, ಕ್ವಾರ್ಟರಿಗೆ ಸೋಲೋ ಸಾಂಗು. ಮೂಲೆಯಲ್ಲಿ ಇರುವೆ ಸಾಲಿನಂಥ ಎಚ್ಚರಿಕೆ ಇದ್ದೇ ಇದೆಯಲ್ಲ!

ಆ ಬೀಗದ ರೂಮಿಗೆ ಬರೋಣ. ಎದ್ದ ಕೂಡಲೇ ಕುಡಿಯುವ ಅಭ್ಯಾಸದವನಿಗೆ ಬಾಟಲಿ ದಿಢೀರನೆ ತಪ್ಪಿದರೆ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಕರಿಕೆ ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರು ಹಗಲುರಾತ್ರಿ ತಿಳಿಯದೆ, ಹೊದಿಕೆಯ ಮೇಲಿಲ್ಲದ ಹುಳ ಹೆಕ್ಕುತ್ತಾ ಕೂರುತ್ತಾರೆ. ಇದು ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಸಾವೂ ಬರುತ್ತದೆ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಮಾತ್ರೆ ಕೊಟ್ಟು ದಿನದಿನಕ್ಕೂ ಡೋಸ್ ಇಳಿಸುತ್ತಾರೆ. ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ (ಬಿ1 ವಿಟಮಿನ್) ಚುಚ್ಚುತ್ತಾರೆ, ಮಿದುಳಿಗೆ ಪೆಟ್ಟು ಬೀಳದಿರಲಿ ಅಂತ. ಕ್ಯಾಮೆರಾಗೆ ಇದೆಲ್ಲ ಬೋರು.

ಹೆರಾಯಿನ್ ಬಿಟ್ಟವನಂತೂ ಪರದೆಯ ಮೇಲೆ ಸರಪಳಿ ಎಳೆದು ಗರ್ಜಿಸುತ್ತಾನೆ. ನಿಜದಲ್ಲಿ ಅವನಿಗೆ ಬರುವುದು ಆಕಳಿಕೆಯ ಮೇಲೆ ಆಕಳಿಕೆ. ಮೂಗು ಸೋರುತ್ತದೆ, ಮೂಳೆ ಮೂಳೆ ನೋಯುತ್ತದೆ, ಮೈಮೇಲಿನ ಕೂದಲು ನಿಮಿರುತ್ತದೆ. ಜೊತೆಗೆ ಬೇಧಿ. ಹೀರೋಗೆ ಬೇಧಿ ತೋರಿಸಲು ಯಾವ ನಿರ್ಮಾಪಕ ಒಪ್ಪಿಯಾನು? ಅಭಿಮಾನಿ ಸಂಘದವರು ಕಟೌಟಿಗೆ ಹಾಲಿನ ಬದಲು ಓಆರ್‌ಎಸ್ ಸುರಿಯಬೇಕಾದೀತು. ಇನ್ನು ಆ ಸರಪಳಿಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ಕಲಾನಿರ್ದೇಶಕರಿಗೆ ತಿಳಿಸಿ.

ಓವರ್‌ಡೋಸ್ ಆದರೆ? ಎದೆಗೆ ಗುದ್ದು, ಮುಖಕ್ಕೆ ನೀರು, ನಾಯಕಿಯ ಚೀರಾಟ. ಹೆರಾಯಿನ್‌ನಂಥವು ಉಸಿರು ತಡೆದಾಗ ಬೇಕಾದದ್ದು ನಲಾಕ್ಸೋನ್ ಎಂಬ ಪ್ರತಿಮದ್ದು. ಕೊಟ್ಟ ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಪ್ರಭಾವ ಇರುವುದು 30ರಿಂದ 90 ನಿಮಿಷ, ಒಳಗಿನ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಎದ್ದು ಕೂತವನನ್ನು ಮನೆಗೆ ಕಳಿಸಿದರೆ ಮತ್ತೆ ಉಸಿರು ನಿಂತೀತು.

ತಮಾಷೆ ಸಾಕು. ಹೆರಾಯಿನ್ ಚಟದವನನ್ನು ಹದಿನೈದು ದಿನ ಕೂಡಿಹಾಕಿ ಹೊರಬಿಟ್ಟರೆ ಅವನ ಮೈ ಹಳೆಯ ಡೋಸ್ ತಾಳುವುದಿಲ್ಲ. ಅದೇ ಅಳತೆ ಒಮ್ಮೆ ತಗೊಂಡರೂ ಜೀವ ಹೋಗಬಹುದು. ಇವರು ‘ಶುಭಂ’ ಹಾಕುವುದು ಸರಿಯಾಗಿ ಆ ಹೊತ್ತಿಗೆ! ಹೆರಾಯಿನ್ ಹಂಬಲ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ತಿಂಗಳುಗಟ್ಟಲೆ ಒಪಿಡಿ ಕ್ಯೂನಲ್ಲಿ ನಿಂತು ಬದುಕಿ ಉಳಿದವರ ಕಥೆಗೆ ಇವರ ಹತ್ತಿರ ಒಂದು ಸೀನೂ ಇಲ್ಲ. ಮತ್ತೆ ಜಾರಿದರೆ ‘ಹೆತ್ತವಳ ಕಣ್ಣೀರಿಗೂ ಕರಗದವನು’ ಎಂಬ ಡೈಲಾಗು ಮಾತ್ರ ರೆಡಿ. ನಾಚಿಕೆಯಾಗಬೇಕು.

ಬಳಕೆ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ ಎಂಬ ಮಾದಕವಸ್ತು ತಡೆ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ ವಿಚಾರಣೆಯಿಂದ ರಕ್ಷಣೆಯುಂಟು. ಚಿಕಿತ್ಸೆ ಪೂರ್ತಿ ಮುಗಿಸಬೇಕು, ಅಷ್ಟೇ. ಸೆಕ್ಷನ್ ನಂಬರು ಹೇಳದೆ ಒಂದು ಕುರ್ಚಿಯನ್ನೂ ಒದೆಯದ ನಮ್ಮ ಸಿನಿಮಾ ಇನ್‌ಸ್ಪೆಕ್ಟರಿಗೆ ಆ ಪುಟ ಮಾತ್ರ ಯಾರೂ ಡಬ್ ಮಾಡಿಸಿಲ್ಲ.