ರೋಗಿಗೂ ತಮಗೂ ಇರುವ ಸಂಬಂಧ

ಸಿಟ್ಟು ಇನ್ನೂ ಆರಿಲ್ಲ, ಆರೋ ಮೊದಲೇ ಬರೆದುಬಿಡ್ತೇನೆ. ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ನನ್ನ ಪಿತ್ತಕೋಶ ತೆಗೆದಿದ್ದರು. ಈಗ ಮತ್ತೆ ಹೊಟ್ಟೆನೋವು. ಮೈಸೂರಿನ ಡಾಕ್ಟರು, "ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ಪೂರ್ತಿ ಫೈಲ್ ತನ್ನಿ" ಅಂದರು. ನನ್ನ ಹೊಟ್ಟೆ, ನನ್ನ ಫೈಲು, ಕೇಳಿದರೆ ಕೊಡದೇ ಇರ್ತಾರಾ ಅಂತ ನಮ್ಮ ಕಡೆಯ ಆಸ್ಪತ್ರೆಗೆ ಹೋದೆ.

ರೆಕಾರ್ಡ್ ರೂಮು ಎಕ್ಸ್‌ರೇ ದಾಟಿದ ಮೇಲೆ, ಮೆಟ್ಟಿಲ ಕೆಳಗೆ. ಅಲ್ಲಿ ಕಂದು ಸ್ವೆಟರಿನ ಒಬ್ಬರು ಕೂತಿರ್ತಾರೆ. ಯಾರೇ ಬರಲಿ, ಅವರ ಮೊದಲ ಪ್ರಶ್ನೆ, "ನಿಮ್ಮದು ಯಾವ ಮನೆ?" ಕೊಡಗಿನಲ್ಲಿ ಇದು ಮಾಮೂಲು ಬಿಡಿ. ಬಸ್ಸಲ್ಲಿ ಪಕ್ಕ ಕೂತವರೂ ಕೇಳ್ತಾರೆ. ಮನೆ ಹೆಸರು ಹೇಳಿದ್ದೇ ತಡ, ಶುರುವಾಯ್ತು. ನಮ್ಮಜ್ಜ ಯಾವ ಊರಿಂದ ಹೆಣ್ಣು ತಂದರು, ಚಿಕ್ಕಮ್ಮನನ್ನು ಯಾವ ಮನೆಗೆ ಕೊಟ್ಟರು, ಸೋದರಮಾವ ಮಿಲಿಟರಿಯಿಂದ ಬಂದವರು ತೋಟದ ಗಡಿ ವಿಷಯಕ್ಕೆ ಯಾರ ಜೊತೆ ಮಾತು ಬಿಟ್ಟರು, ಎಲ್ಲ ಅವರ ಬಾಯಲ್ಲೇ ಇದೆ. ಕೊನೆಗೆ ಕಣ್ಣು ಅರಳಿಸಿ, "ಓ, ಕಲ್ಲು ತೆಗೆಸಿಕೊಂಡವರು! ಆವತ್ತು ನಿಮ್ಮಣ್ಣ ವರಾಂಡದಲ್ಲಿ ಏನು ಗೊರಕೆ ಮಾರಾಯ್ರೇ!" ಅಂದರು.

ಸದ್ಯ, ಕೆಲಸ ಆಯ್ತು ಅಂದುಕೊಂಡೆ. ಅವರು ಕನ್ನಡಕ ಏರಿಸಿ, "ಆಧಾರ್ ಕಾರ್ಡ್ ಕೊಡಿ. ನೀವು ಯಾರು ಅಂತ ನಮಗೆ ಗೊತ್ತಾಗಬೇಕಲ್ಲ" ಅಂದರು.

ಕೊಟ್ಟೆ. ಆಮೇಲೆ ಒಂದು ಫಾರಂ ಬಂತು. ಅದರಲ್ಲಿ 'ಅರ್ಜಿದಾರರಿಗೂ ರೋಗಿಗೂ ಇರುವ ಸಂಬಂಧ' ಅಂತ ಒಂದು ಕಾಲಂ. 'ನಾನೇ' ಅಂತ ಬರೆದೆ. ಅದು ನಡೆಯಲ್ವಂತೆ. ಗಂಡ, ಹೆಂಡತಿ, ಮಗ, ಮಗಳು, ಇತರೆ, ಇಷ್ಟರಲ್ಲೇ ಒಂದಕ್ಕೆ ಟಿಕ್ ಹಾಕಬೇಕಂತೆ. ನನಗೆ ನಾನು ಇವರಲ್ಲಿ ಯಾರೂ ಅಲ್ಲ. 'ಇತರೆ'ಗೆ ಹಾಕಿದೆ. "ಇತರೆ ಅಂದ್ರೆ ರೋಗಿಯ ಒಪ್ಪಿಗೆ ಪತ್ರ ಬೇಕಾಗ್ತದೆ" ಅಂದರು. ಅಲ್ಲೇ ಸ್ಟೂಲ್ ಮೇಲೆ ಕೂತು, ನನ್ನ ಕಾಗದಪತ್ರಗಳನ್ನು ನನಗೆ ಕೊಡಲು ನನ್ನ ಅಭ್ಯಂತರವಿಲ್ಲ ಅಂತ ಬರೆದು ಸಹಿ ಹಾಕಿದೆ. ಅವರು ಎರಡೂ ಸಹಿ ಹತ್ತಿರ ಹಿಡಿದು ನೋಡಿದರು. "ಒಂದೇ ಥರ ಇದೆಯಲ್ಲ?"

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಲೂ ಬೇಕು. ಇದನ್ನು ಹೇಳಿದೆ. "ಕೊಡಲ್ಲ ಅಂದ್ನಾ ನಾನು?" ಅಂತ ಅವರಿಗೇ ಬೇಜಾರಾಯ್ತು. ರೋಗಿಯ ಗುಟ್ಟು ಕಾಪಾಡಬೇಕಲ್ವಾ ಅಂದರು. ಯಾವ ಗುಟ್ಟು? ನನ್ನ ಕಲ್ಲು ಎಷ್ಟು ದಪ್ಪ ಇತ್ತು ಅಂತ ಮಡಿಕೇರಿಯ ಶುಕ್ರವಾರದ ಸಂತೆಗೆಲ್ಲ ಗೊತ್ತಿದೆ.

ಎರಡು ವಾರ ಬಿಟ್ಟು ಕೈಗೆ ಬಂದದ್ದು ಬಿಲ್ಲುಗಳ ಜೆರಾಕ್ಸ್. ಅದು ಮಾತ್ರ ಪೂರ್ತಿ. ಹತ್ತಿ, ಸಿರಿಂಜು, ಗ್ಲೌಸು, ಒಂದೂ ಬಿಟ್ಟಿಲ್ಲ. ಆರೋಗ್ಯ ದಾಖಲೆಗಳನ್ನು ಮೊಬೈಲಲ್ಲೇ ನೋಡೋಕೆ ಅಂತ ಸರ್ಕಾರ ಕೊಡುವ ಆಭಾ ಕಾರ್ಡಿನ 14 ಅಂಕಿಯೂ ಇದೆ ನನ್ನ ಹತ್ರ. ಆದರೆ ಮೆಟ್ಟಿಲ ಕೆಳಗಿನ ಫೈಲು ತಾನಾಗೇ ಎದ್ದು ಮೊಬೈಲಿಗೆ ಬರುತ್ತದಾ?

ಅವ್ವ ಇದ್ದಾಗ ಈ ತಾಪತ್ರಯ ಇರಲಿಲ್ಲ. ನಮ್ಮೆಲ್ಲರ ಚೀಟಿ, ಲಸಿಕೆ ಕಾರ್ಡು, ಎಕ್ಸ್‌ರೇ, ಎಲ್ಲ ಬಿಸ್ಕತ್ ಡಬ್ಬಿಗೆ ಹಾಕಿ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ದರು. ಮಳೆಗಾಲದಲ್ಲಿ ಬೀರು ಒಳಗಿನ ಬಟ್ಟೆಗೂ ಬೂಷ್ಟು ಹಿಡಿದರೂ ಆ ಕಾಗದಗಳಿಗೆ ಹಿಡಿಯುತ್ತಿರಲಿಲ್ಲ. ಹೊಗೆ ವಾಸನೆ, ಅಂಚು ಸ್ವಲ್ಪ ಹಳದಿ, ಅಷ್ಟೇ. ಅವ್ವನದೇ ಒಂದು ಚೀಟಿಯೂ ಅದರಲ್ಲಿ ಇರಲಿಲ್ಲ ಅನ್ನೋದು ಅವರು ಹೋದ ಮೇಲೆ ಗೊತ್ತಾಯ್ತು.

ಅಂತೂ ಮೊನ್ನೆ ಫೈಲು ಸಿಕ್ಕಿತು. ಬಿಚ್ಚಿ ನೋಡಿದರೆ ಮಧ್ಯದಲ್ಲಿ ಬೇರೆ ಯಾರದೋ ಶುಗರ್ ರಿಪೋರ್ಟು. ವಾಪಸ್ ಕೊಡಲು ಹೋದೆ. ಸ್ವೆಟರಿನವರು ಹೆಸರು ನೋಡಿ ನಕ್ಕರು. "ಓ, ಇವರಾ! ನಿಮ್ಮ ಚಿಕ್ಕಮ್ಮನ ಕಡೆಯವರೇ. ಹೋಗುವಾಗ ನೀವೇ ಕೊಟ್ಟುಬಿಡಿ."

ಅದಕ್ಕೆ ಫಾರಂ ಬೇಡವಂತೆ.