ಟಾಗೋರ್ ಬೀಚಿನ ವಿಮಾನ, ಅಕ್ಕನ ಮಗನ ಪ್ರಶ್ನೆ

ಮೊನ್ನೆ ಭಾನುವಾರ ಅಕ್ಕನ ಮಗನನ್ನು ಕರಕೊಂಡು ಕಾರವಾರದ ಟಾಗೋರ್ ಬೀಚಿಗೆ ಹೋಗಿದ್ದೆ. ಪಿಯುಸಿ ಮೊದಲ ವರ್ಷ, ಸೈನ್ಸ್. ಅಲ್ಲಿಟ್ಟಿರುವ ಚಪಲ್ ಯುದ್ಧನೌಕೆ ಅವನಿಗೆ ಹಳತು. ಹಾಗಾಗಿ ಸೀದಾ ಟುಪೊಲೆವ್ ವಿಮಾನದ ಹತ್ತಿರ ಹೋದ. ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡು ಫ್ಯಾನು. ಸುತ್ತು ಹಾಕಿ ಬಂದು ಕೇಳಿದ: "ಮಾವ, ಇದು ಏರ್‌ಫೋರ್ಸಿನದ್ದಲ್ವಾ? ನೇವಿ ಹಡಗಿನ ಪಕ್ಕ ಯಾಕೆ ತಂದಿಟ್ಟಿದ್ದಾರೆ?"

ಇಲ್ಲಿನ ನೌಕಾನೆಲೆ ಸೀಬರ್ಡ್ ಪಕ್ಕದಲ್ಲೇ ಬೆಳೆದ ಹುಡುಗ ಇವನು. ನಗು ಬಂತು, ಆದರೆ ಬೈಯಲು ಬಾಯಿ ಬರಲಿಲ್ಲ. ನನಗೂ ಮೂವತ್ತು ದಾಟುವವರೆಗೆ ಗೊತ್ತಿರಲಿಲ್ಲ. ನೇವಿಗೆ ಅದರದ್ದೇ ವಿಮಾನಗಳಿವೆ, ಅದರದ್ದೇ ಪೈಲಟ್‌ಗಳಿದ್ದಾರೆ. ಈ ಟುಪೊಲೆವ್ ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರುತ್ತಾ ಸಬ್‌ಮರೀನ್ ಹುಡುಕುತ್ತಿತ್ತು. 1988ರಿಂದ ಸೇವೆಯಲ್ಲಿದ್ದ ಇಂಥ ವಿಮಾನಗಳು 2017ರ ಮಾರ್ಚಿನಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾದವು.

ಅಲ್ಲೇ ಕಟ್ಟೆ ಮೇಲೆ ಕೂತು ಅವನಿಗೆ ನೇವಿಯ ಪೈಲಟ್ ತಹಿಲಿಯಾನಿಯವರ ಕಥೆ ಹೇಳಿದೆ. ಇಲ್ಲೂ ಹೇಳುತ್ತೇನೆ. ಕಾರವಾರದ ಹತ್ತು ಜನರನ್ನು ಕೇಳಿದರೆ ಒಬ್ಬರಿಗೂ ಈ ಹೆಸರು ಗೊತ್ತಿರಲಿಕ್ಕಿಲ್ಲ.

ರಾಧಾಕೃಷ್ಣ ಹರಿರಾಮ್ ತಹಿಲಿಯಾನಿ. 1961ರ ಮೇ 18ರಂದು ವಿಮಾನಗಳನ್ನು ಹೊತ್ತು ಸಾಗುವ ಹಳೇ ವಿಕ್ರಾಂತ್ ಹಡಗಿನ ಮೇಲೆ ಮೊದಲ ಜೆಟ್ ಇಳಿಸಿದವರು. ಆಗ ಬರೀ ಲೆಫ್ಟಿನೆಂಟ್. ಹಡಗು ನಮ್ಮ ನೌಕಾಪಡೆಗೆ ಸೇರಿ ಎರಡೂವರೆ ತಿಂಗಳಾಗಿತ್ತು ಅಷ್ಟೇ. ವಿಮಾನ ಸೀ ಹಾಕ್.

ಹಡಗಿನ ಮೇಲೆ ವಿಮಾನ ಇಳಿಸುವುದು ಅಂದರೆ ಏನು? ಮಳೆಗಾಲದಲ್ಲಿ ಅಳಿವೆ ದಾಟಿ ದೋಣಿ ಒಳಗೆ ತರುವುದನ್ನು ನೋಡಿದವರಿಗೆ ಸ್ವಲ್ಪ ಅಂದಾಜಾದೀತು. ಇಳಿಯುವ ಜಾಗವೇ ಮುಂದೆ ಓಡುತ್ತಿರುತ್ತದೆ, ಏಳುತ್ತಿರುತ್ತದೆ, ಬೀಳುತ್ತಿರುತ್ತದೆ. ಡೆಕ್ ಮೇಲೆ ಅಡ್ಡಡ್ಡ ಉಕ್ಕಿನ ಹಗ್ಗ ಕಟ್ಟಿರುತ್ತಾರೆ. ವಿಮಾನದ ಬಾಲದಡಿಯ ಕೊಕ್ಕೆ ಅದರಲ್ಲಿ ಒಂದಕ್ಕೆ ಸಿಕ್ಕಬೇಕು. ನನಗೆ ತುಂಬಾ ಹಿಡಿಸಿದ ವಿಷಯ ಇಲ್ಲಿದೆ. ಚಕ್ರ ಡೆಕ್ಕಿಗೆ ತಾಗುತ್ತಿದ್ದಂತೆ ಪೈಲಟ್ ಎಂಜಿನ್ ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ! ಕೊಕ್ಕೆ ತಪ್ಪಿದರೆ ಆ ರಭಸದಲ್ಲೇ ಮತ್ತೆ ಹಾರಬೇಕಲ್ಲ. ಇಲ್ಲದಿದ್ದರೆ ಮುಂದೆ ನೀರೇ. "ಬ್ರೇಕ್ ಹಾಕುವ ಹೊತ್ತಲ್ಲಿ ಆಕ್ಸಿಲರೇಟರ್ ತುಳಿಯೋದಾ?" ಅಂದ ಹುಡುಗ. ಹೌದು ಮಾರಾಯ, ಹಾಗೇ.

ಈ ತಹಿಲಿಯಾನಿ ಮುಂದೆ ಅದೇ ವಿಕ್ರಾಂತಿಗೆ ಕ್ಯಾಪ್ಟನ್ ಆದರು. 1984ರ ಕೊನೆಗೆ ಇಡೀ ನೌಕಾಪಡೆಯ ಮುಖ್ಯಸ್ಥರಾದರು. ಪೈಲಟ್ ಆಗಿದ್ದವರು ಆ ಕುರ್ಚಿಯಲ್ಲಿ ಕೂತಿದ್ದು ಅದೇ ಮೊದಲು. ಅವರು ಮುಖ್ಯಸ್ಥರಾಗಿದ್ದಾಗಲೇ, 1986ರ ಅಕ್ಟೋಬರ್ 24ರಂದು, ರಾಜೀವ್ ಗಾಂಧಿ ನಮ್ಮ ಕಾರವಾರದಲ್ಲಿ ಸೀಬರ್ಡಿಗೆ ಅಡಿಗಲ್ಲು ಹಾಕಿದ್ದು. ಇಲ್ಲಿ ನೆಲೆ ಬೇಕು ಅನ್ನುವ ಯೋಚನೆ ಅವರಿಗಿಂತ ಮೊದಲು ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಅವರದ್ದು. ಅದನ್ನೂ ಹೇಳಬೇಕು.

ಆಮೇಲೆ ದುಡ್ಡಿಲ್ಲ, ಅದಿಲ್ಲ, ಇದಿಲ್ಲ ಅಂತ ಎಳೆದು ಎಳೆದು, ಸೀಬರ್ಡ್ ಯೋಜನೆಯ ಆ ನೆಲೆ, ಐಎನ್‌ಎಸ್ ಕದಂಬ, ಶುರುವಾಗಿದ್ದು 2005ರ ಮೇ 31ಕ್ಕೆ. ಕದಂಬ ಅಂದರೆ ನಮ್ಮ ಬನವಾಸಿಯ ಕದಂಬರೇ. ಆಗ ಮುಖ್ಯಸ್ಥರು ಯಾರು? ಅಡ್ಮಿರಲ್ ಅರುಣ್ ಪ್ರಕಾಶ್. ಅವರೂ ಪೈಲಟ್! 1971ರ ಯುದ್ಧದಲ್ಲಿ ಏರ್‌ಫೋರ್ಸಿಗೆ ಎರವಲು ಹೋಗಿ ಹಂಟರ್ ವಿಮಾನ ಹಾರಿಸಿ ವೀರಚಕ್ರ ಪಡೆದವರು. ಆಮೇಲೆ ಸೀ ಹ್ಯಾರಿಯರ್ ಸ್ಕ್ವಾಡ್ರನ್ ನಡೆಸಿದರು, ವಿರಾಟ್ ಹಡಗಿನ ಕ್ಯಾಪ್ಟನ್ ಆದರು. ಕಲ್ಲು ಹಾಕಿದಾಗಲೂ ಪೈಲಟ್, ಬಾಗಿಲು ತೆರೆದಾಗಲೂ ಪೈಲಟ್. ಕಾಕತಾಳೀಯ ಇರಬಹುದು. ನನಗೆ ಮಾತ್ರ ಹೇಳಿದಷ್ಟೂ ಸಾಲದು.

ಇವರಿಬ್ಬರ ದಾರಿಯಲ್ಲಿ ಒಂದು ವಿಷಯ ಗಮನಿಸಿ. ಬರೀ ಹಾರಿಸುವುದರಲ್ಲೇ ಉಳಿದಿದ್ದರೆ ಇಷ್ಟು ಮೇಲೆ ಬರುತ್ತಿರಲಿಲ್ಲ. ನೇವಿಯಲ್ಲಿ ಪೈಲಟ್ ಮತ್ತೆ ಮತ್ತೆ ಹಡಗಿಗೆ ವಾಪಸ್ ಬರಬೇಕು. ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಹಡಗು ನಡೆಸುವುದನ್ನು ಕಲಿಯಬೇಕು. ಆಕಾಶದಲ್ಲಿ ಹೀರೋ ಆದವನು ಕೆಳಗಿಳಿದು ಮತ್ತೆ ಶಿಷ್ಯನಾಗುವುದು ಸುಲಭ ಅಲ್ಲ. ವೀರಚಕ್ರಕ್ಕಿಂತ ಇದು ನನಗೆ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಒಪ್ಪದವರು ಕಮೆಂಟಲ್ಲಿ ಜಗಳಕ್ಕೆ ಬನ್ನಿ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ಕಡಲತೀರ ಎಲ್ಲ ಬಿಟ್ಟು ಎದ್ದಿವೆ. ಪರಿಹಾರಕ್ಕೆ ಕೋರ್ಟು ಅಲೆದು ಚಪ್ಪಲಿ ಸವೆಸಿದವರು ಎಷ್ಟೋ. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಅಂತ ಮತ್ತೆ ಜಮೀನು ಹೋಗಿದೆ. ಕೊಟ್ಟಿದ್ದು ಇಷ್ಟು. ಆದರೆ ನಮ್ಮ ಹುಡುಗರಿಗೆ ಸೀಬರ್ಡ್ ಅಂದರೆ ತಲೆಗೆ ಬರುವುದು ಗುತ್ತಿಗೆ ಕೆಲಸ, ಗೇಟ್ ಪಾಸು. ವಿಮಾನ ಹೊರುವ ಹಡಗು ವಿಕ್ರಮಾದಿತ್ಯ ಇಲ್ಲೇ ನಿಲ್ಲುತ್ತದೆ. ಅದರ ಮೇಲೆ ಮಿಗ್ ಯುದ್ಧವಿಮಾನ ಇಳಿಸುವವನು ನಮ್ಮ ಊರ ಪಕ್ಕದ ಹಾರವಾಡದವನೂ ಆಗಬಹುದು ಅಂತ ಯಾವ ಕಾಲೇಜಿನಲ್ಲಿ ಹೇಳುತ್ತಾರೆ? ಇಂಜಿನಿಯರಿಂಗ್, ನರ್ಸಿಂಗ್, ಇಲ್ಲದಿದ್ದರೆ ಗೋವಾದಲ್ಲಿ ಯಾವುದಾದರೂ ಕಂಪನಿ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ದರೆ ಸೇನಾ ಅಧಿಕಾರಿಗಳ ತರಬೇತಿಗೆ ಆಯ್ಕೆ ಮಾಡುವ ಎನ್‌ಡಿಎ ಪರೀಕ್ಷೆ ಬರೆಯಬಹುದು. ಡಿಗ್ರಿ ಮೇಲೂ ದಾರಿ ಇದೆ. ನೌಕಾ ಅಕಾಡೆಮಿ ಇರುವ ಎಳಿಮಲ ಎಲ್ಲೋ ಪರದೇಶದಲ್ಲಿಲ್ಲ, ಮಂಗಳೂರು ದಾಟಿ ಇದೇ ಕರಾವಳಿಯಲ್ಲಿದೆ. ಒಂದು ಎಚ್ಚರಿಕೆ: ಪೈಲಟ್ ಆಗುವವರಿಗೆ ಬೇರೆಯೇ ಒಂದು ಯೋಗ್ಯತಾ ಪರೀಕ್ಷೆ ಇದೆ. ಅದರಲ್ಲಿ ಒಮ್ಮೆ ಫೇಲಾದರೆ ಜೀವಮಾನದಲ್ಲಿ ಮತ್ತೆ ಅವಕಾಶವಿಲ್ಲ. ಸುಮ್ನೆ ನೋಡಿ ಬರೋಣ ಅಂತ ಹೋಗುವ ಪರೀಕ್ಷೆ ಅಲ್ಲ ಅದು.

ವಾಪಸ್ ಬರುವಾಗ ಅರ್ಗಾದಲ್ಲಿರುವ ನೌಕಾನೆಲೆಯ ಗೇಟಿನ ಮುಂದೆ ಹುಡುಗ ಬೈಕ್ ನಿಲ್ಲಿಸು ಅಂದ. ನಿಲ್ಲಿಸಲಿಲ್ಲ, ಸೆಂಟ್ರಿಗಳು ಅಲ್ಲಿ ನಿಲ್ಲಲು ಬಿಡುವುದಿಲ್ಲ. ರಾತ್ರಿ ಅಕ್ಕನ ಫೋನು.

"ಏನು ಹೇಳಿ ಕಳಿಸಿದ್ಯೋ ತಮ್ಮಾ? ಬಂದಾಗಿಂದ ಪೈಲಟ್ ಅಂತೆ, ಅಡ್ಮಿರಲ್ ಅಂತೆ. ಫಿಸಿಕ್ಸಲ್ಲಿ ಎಷ್ಟು ತಗೊಂಡಿದ್ದಾನೆ ಅಂತ ಕೇಳಿದ್ಯಾ ಮೊದಲು?"

ಕೇಳಿರಲಿಲ್ಲ.