ಶೂ ಬಿಚ್ಚಿ, ಶೂ ಹಾಕಿ

"ಭಾವ, ಹೆದರಬೇಡಿ. ಸುಮ್ನೆ ಒಂದು ವಾಕಿಂಗ್ ಅಷ್ಟೇ" ಎಂದ ನನ್ನ ಭಾವಮೈದ. ನನ್ನ ಪಾಲಿಗೆ ವಾಕಿಂಗ್ ಅಂದರೆ ಬಡಾವಣೆ ಪಾರ್ಕಿನಲ್ಲಿ ಮೂರು ಸುತ್ತು, ಆಮೇಲೆ ದರ್ಶಿನಿಯಲ್ಲಿ ಖಾಲಿ ದೋಸೆ. ಹೂಂ ಅಂದುಬಿಟ್ಟೆ. ಕುದುರೆಮುಖದ ತುದಿ 1,894 ಮೀಟರ್ ಎತ್ತರ, ಮುಳ್ಳೋಡಿಯಿಂದ ಹತ್ತಿ ಇಳಿಯೋಕೆ ಸುಮಾರು 20 ಕಿಲೋಮೀಟರ್ ನಡೀಬೇಕು ಅನ್ನೋದನ್ನು ಅವನು ಬಾಯಿಬಿಟ್ಟಿದ್ದು ಬಸ್ಸು ಮೂಡಿಗೆರೆ ದಾಟಿದ ಮೇಲೆ.

ಬ್ಯಾಗು ಎರವಲು ತಂದಿದ್ದೆ. ದೊಡ್ಡದಿತ್ತು. ಬ್ಯಾಗಿನಲ್ಲಿ ಜಾಗ ಉಳಿಸೋದು ನಮ್ಮ ಮನೆಯಲ್ಲಿ ಅಪಶಕುನ. ಬೆಡ್‌ಶೀಟು, ಛತ್ರಿ, ಚಿತ್ರಾನ್ನದ ಡಬ್ಬಿ, ಅರ್ಧ ಕೆಜಿ ಕೋಡುಬಳೆ, ಎಲ್ಲ ತುಂಬಿದ ಮೇಲೂ ಮೂಲೆಯಲ್ಲಿ ಸ್ವಲ್ಪ ಖಾಲಿ ಇದೆ ಎಂದು ಹೆಂಡತಿ ಸೊಳ್ಳೆಬತ್ತಿ ತುರುಕಿದಳು. ಬೆಟ್ಟದ ಮೇಲೆ ರಾತ್ರಿ ಉಳಿಯೋ ಹಾಗೇ ಇಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಸೊಳ್ಳೆಬತ್ತಿ ಮಾತ್ರ ಶಿಖರ ನೋಡಿಕೊಂಡು ಬಂತು.

ಅದು ರಾಷ್ಟ್ರೀಯ ಉದ್ಯಾನ, ಪ್ಲಾಸ್ಟಿಕ್ ಕವರ್ ಒಳಗೆ ಬಿಡಲ್ಲ. ನ್ಯಾಯವಾದ ಮಾತೇ. ಕೋಡುಬಳೆಗಳು ಕವರಿನಿಂದ ನನ್ನ ಪ್ಯಾಂಟಿನ ಎರಡೂ ಜೇಬಿಗೆ ವರ್ಗವಾದವು. ಹೆಜ್ಜೆಗೊಮ್ಮೆ ಕಟಕಟ ಸದ್ದು. ಗೈಡ್ ಹುಡುಗ ಎರಡು ಸಲ ತಿರುಗಿ ನನ್ನ ಮಂಡಿ ನೋಡಿದ.

ಅರ್ಧ ಗಂಟೆಯಲ್ಲಿ ಮೊದಲ ಹಳ್ಳ ಬಂತು. ನಾನು ಬಂಡೆ ಮೇಲೆ ಕೂತು ಲೇಸು ಬಿಚ್ಚಿದೆ. ಶೂ ತೆಗೆದು, ಸಾಕ್ಸ್ ಮಡಚಿ ಒಳಗಿಟ್ಟು, ಪ್ಯಾಂಟು ಮಡಿಸಿ, ದೇವಸ್ಥಾನಕ್ಕೆ ಹೊರಟವನ ಹಾಗೆ ದಾಟಿದೆ. ನೀರು ಐಸು. ಆಚೆ ದಡದಲ್ಲಿ ಬೆರಳುಸಂದಿ ಒರೆಸಿ, ಇಂಬಳ ಹತ್ತದಿರಲಿ ಎಂದು ಉಪ್ಪು ಸವರಿ, ಮತ್ತೆ ಎಲ್ಲ ಹಾಕಿಕೊಂಡೆ. ಹತ್ತು ನಿಮಿಷ. ಹವಾಯಿ ಚಪ್ಪಲಿಯಲ್ಲಿ ಛಪಛಪ ದಾಟಿದ ಗೈಡು ಅಷ್ಟೂ ಹೊತ್ತು ಹುಲ್ಲುಕಡ್ಡಿ ಕಚ್ಚುತ್ತಾ ನಿಂತಿದ್ದ.

"ಇಂಥದ್ದು ಇನ್ನೊಂದಿದೆಯಾ?" ಎಂದೆ.

"ಇದು ಲೆಕ್ಕಕ್ಕಿಲ್ಲ ಸಾರ್" ಎಂದ.

ಎರಡನೆಯದಕ್ಕೂ ಅದೇ ಪೂಜೆ. ಮೂರನೆಯದಕ್ಕೆ ಒರೆಸೋದು ಬಿಟ್ಟೆ. ನಾಲ್ಕನೆಯದರಲ್ಲಿ ಬುದ್ಧಿವಂತಿಕೆ ತೋರಿಸಿ ಕಲ್ಲಿನಿಂದ ಕಲ್ಲಿಗೆ ಹಾರಿದೆ. ಮೊದಲ ಕಲ್ಲು ಸರಿಯಿತ್ತು. ಎರಡನೆಯದರ ಮೇಲೆ ಪಾಚಿ ಇತ್ತು. ನಾನು ಬೀಳಲಿಲ್ಲ, ಕೂತೆ. ನೀರೊಳಗೆ, ಸೊಂಟದವರೆಗೆ, ಬ್ಯಾಗ್ ಸಮೇತ. ಈ ಹಳ್ಳಗಳ ನೀರೆಲ್ಲ ಭದ್ರೆಗೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯ ಜತೆ ಬಂಗಾಳಕೊಲ್ಲಿಗೆ ಹೋಗುತ್ತದಂತೆ. ನಡುವೆ ಭದ್ರಾ ನಾಲೆಯಲ್ಲಿ ದಾವಣಗೆರೆ ಕಡೆಗೂ ಹರಿಯುತ್ತದೆ. ಅಲ್ಲಿಯವರು ನನ್ನ ಸಾಕ್ಸನ್ನು ಕ್ಷಮಿಸಬೇಕು.

ಆಮೇಲೆ ಕಟಕಟ ಸದ್ದು ನಿಂತಿತು. ಜೇಬಿಗೆ ಕೈ ಹಾಕಿದರೆ ಅಂಬಲಿ.

"ಭಾವ, ತಿನ್ನೋಕೇನಾದ್ರೂ ಇದೆಯಾ?" ಎಂದು ಇವನು ಕೈ ಚಾಚಿದ. ಕೊಟ್ಟೆ.

ಒಂಟಿಮರ ದಾಟಿದ ಮೇಲೆ ಕಾಡು ಕೆಳಗೇ ಉಳಿಯಿತು. ಶೋಲಾ ಕಾಡಿನ ಚಾಳಿಯೇ ಹಾಗೆ. ನೀರಿರುವ ಗುಡ್ಡದ ಮಡಿಕೆಯಲ್ಲಿ ಒತ್ತಾಗಿ ಅಡಗಿ ಕೂತಿರುತ್ತದೆ, ಏಣಿನ ಮೇಲೆ ಗಾಳಿಗೆ ಬರೀ ಹುಲ್ಲು. ಎಡಕ್ಕೂ ಬಲಕ್ಕೂ ಕಣಿವೆ. ಇದೆಲ್ಲ ಗೈಡ್ ಹೇಳಿದ್ದು. ನನಗೆ ಕಂಡಿದ್ದು ಮಂಜು. ಮುಂದೆ ಹೋಗುವವನ ಬೆನ್ನು ಬಿಟ್ಟರೆ ಲೋಕವೆಲ್ಲ ಸುಣ್ಣ ಹೊಡೆದ ಗೋಡೆ. ಕುದುರೆ ಮುಖದ ಮೇಲೇ ನಿಂತರೆ ಕುದುರೆ ಮುಖ ಕಾಣಲ್ಲ, ಅದು ದೂರದಿಂದ ನೋಡುವ ಬೆಟ್ಟ ಎಂದು ಆಗ ಹೊಳೆಯಿತು. ಮನೆಯಲ್ಲೇ ಇದ್ದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತೇನೋ.

ತುದಿಯಲ್ಲಿ ಕೂತು ಚಿತ್ರಾನ್ನ ಬಿಚ್ಚುವಾಗ ಎಡಗಾಲಿನ ಬೆರಳುಸಂದಿ ತಣ್ಣಗೆ ಅನ್ನಿಸಿತು. ಶೂ ಬಿಚ್ಚಿದೆ. ಸಾಕ್ಸ್ ಕೆಂಪಗಾಗಿತ್ತು. ಇಂಬಳ, ಹೊಟ್ಟೆ ತುಂಬಿ ಒಳ್ಳೆ ನೇರಳೆಹಣ್ಣಿನ ಹಾಗೆ ಉಬ್ಬಿ, ನೆಂಟರ ಮನೆಯಲ್ಲಿ ಊಟ ಮಾಡಿ ಒರಗಿದವರ ಹಾಗೆ ಬಿದ್ದುಕೊಂಡಿತ್ತು. ಉಪ್ಪು ಹುಡುಕಿದೆ. ಅದು ನಾಲ್ಕನೇ ಹಳ್ಳದಲ್ಲಿ ಕರಗಿ ಹೋಗಿತ್ತು. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ ಕಿತ್ತೆ, ರಕ್ತ ಮಾತ್ರ ನಿಲ್ಲಲಿಲ್ಲ. "ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟಲ್ಲ ಸಾರ್, ಸ್ವಲ್ಪ ಹೊತ್ತು ಸುರಿಯುತ್ತೆ, ಏನಾಗಲ್ಲ" ಎಂದ ಗೈಡು. ನಾನು ತಲೆ ತಗ್ಗಿಸಿ, ಕರ್ಚೀಫಿನಿಂದ ಬೆರಳು ಒತ್ತಿ ಹಿಡಿದು ಕೂತೆ. ಹಿಂದೆ ಎಲ್ಲರೂ "ಓಹೋ" ಎಂದು ಕೂಗಿದರು. ಇನ್ನೊಬ್ಬರಿಗೂ ಇಂಬಳ ಹತ್ತಿರಬೇಕು ಎಂದುಕೊಂಡೆ.

ಇಳಿಯುವಾಗ ಅವೇ ಹಳ್ಳಗಳು ಹಿಂದುಮುಂದಾಗಿ ಬಂದವು. ಶೂ ಬಿಚ್ಚಲಿಲ್ಲ. ಗೈಡಿನ ಹಿಂದೆ ಛಪಛಪ ನಡೆದೆ. ಕೊನೆಯ ಹಳ್ಳದಲ್ಲಿ ಅವನು ನನಗಾಗಿ ಕಾಯಲೂ ಇಲ್ಲ.

ಮರುದಿನ ಮನೆಯಲ್ಲಿ ಭಾವಮೈದ ವಿಡಿಯೋ ಹಾಕಿದ. ಗಾಳಿ ಸೀಳಿದ ಹಾಗೆ ಮಂಜು ಎರಡಾಗಿ, ಹಸಿರು ಏಣುಗಳು ಒಂದರ ಹಿಂದೊಂದು ನೀಲಿಯಾಗುತ್ತಾ ದೂರ ಹೋಗುತ್ತವೆ. ನಲವತ್ತು ಸೆಕೆಂಡು. ಮತ್ತೆ ಬಿಳಿ ಗೋಡೆ.

"ಎಷ್ಟು ಚೆನ್ನಾಗಿದೆ! ನೀವು ಪುಣ್ಯವಂತರು ಬಿಡಿ" ಎಂದಳು ಹೆಂಡತಿ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಫೋನ್ ಹತ್ತಿರ ತಂದಳು.

"ಇದ್ಯಾರೋ, ಅಡ್ಡ ಕೂತ್ಕೊಂಡು ಕಾಲು ಕೆರ್ಕೋತಾ ಇರೋದು?"